1.8 ಎಂಬ ಒಂದು ಸಂಖ್ಯೆ: ಬೆಂಡೆಕ್ಟಿನ್ ಮಾತ್ರೆ ಮತ್ತು ಹಸುಳೆಗಳ ಹೃದಯ

1979ರಲ್ಲಿ ಜನರಲ್ಲಿ ರೋಗಗಳ ಕಾರಣ ಹುಡುಕುವ ಶಾಸ್ತ್ರಕ್ಕೆ (ಎಪಿಡೆಮಿಯಾಲಜಿ) ಮೀಸಲಾದ ಅಮೆರಿಕದ ಒಂದು ಪತ್ರಿಕೆಯಲ್ಲಿ ಕೆನೆತ್ ರಾಥ್‌ಮನ್ ಮತ್ತು ಸಂಗಡಿಗರ ಲೇಖನವೊಂದು ಬಂತು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹುಟ್ಟಿನಿಂದಲೇ ಹೃದಯದ ದೋಷವಿದ್ದ 390 ಮಕ್ಕಳ ತಾಯಂದಿರನ್ನೂ, ದೋಷವಿಲ್ಲದ 1254 ಮಕ್ಕಳ ತಾಯಂದಿರನ್ನೂ ಕೇಳಿ ಬರೆದದ್ದು. ಅವರು ಹೊರಟಿದ್ದು ಹಾರ್ಮೋನ್ ಮಾತ್ರೆಗಳ ಬಗ್ಗೆ ತಿಳಿಯಲು. ಆ ಕಾಲದಲ್ಲಿ ಗರ್ಭ ನಿಂತಿದೆಯೇ ಎಂದು ನೋಡಲು, ಗರ್ಭಪಾತ ತಡೆಯಲು ಹಾರ್ಮೋನ್ ಕೊಡುವ ವಾಡಿಕೆ ಇತ್ತು. ಅದು ಹಸುಳೆಯ ಹೃದಯಕ್ಕೆ ಕೇಡು ಮಾಡುತ್ತದೆಯೇ ಎಂಬುದು ಅವರ ಮೂಲ ಪ್ರಶ್ನೆ. ಜತೆಗೆ ಆ ತಿಂಗಳುಗಳಲ್ಲಿ ನುಂಗಿದ ಉಳಿದ ಔಷಧಗಳ ಬಗ್ಗೆಯೂ ಕೇಳಿದ್ದರು. ಆ ಪಟ್ಟಿಯಲ್ಲಿ, ಬಸುರಿಯರ ವಾಕರಿಕೆಗೆ ಕೊಡುತ್ತಿದ್ದ ಬೆಂಡೆಕ್ಟಿನ್ ಎಂಬ ಮಾತ್ರೆಯ ಹೆಸರಿನ ಮುಂದೆ 1.8 ಎಂಬ ಸಂಖ್ಯೆ ಸಿಕ್ಕಿತು. ಅಂದರೆ ಹೃದಯ ದೋಷದ ಮಗುವಿನ ತಾಯಿ ಈ ಮಾತ್ರೆ ನುಂಗಿರುವ ಸಂಭವ, ಉಳಿದ ತಾಯಂದಿರಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು.

ಈ ಸಂಖ್ಯೆಯ ಕಥೆಯನ್ನು ನಾನು ಫಾರ್ಮಸಿ ವಿದ್ಯಾರ್ಥಿಗಳಿಗೆ ಪ್ರತಿವರ್ಷ ಹೇಳುತ್ತೇನೆ. ಬಸುರಿಯೊಬ್ಬಳು ನುಂಗುವ ಮಾತ್ರೆಯ ಬಗ್ಗೆ ಸಂಶಯ ಹುಟ್ಟುವುದು ಹೇಗೆ, ಅದನ್ನು ಪರೀಕ್ಷಿಸುವುದು ಹೇಗೆ, ಪರೀಕ್ಷೆ ಮುಗಿಯುವ ಮೊದಲೇ ಲೋಕ ತೀರ್ಪು ಕೊಟ್ಟುಬಿಟ್ಟರೆ ಏನಾಗುತ್ತದೆ, ಎಲ್ಲವೂ ಈ ಒಂದು ಪ್ರಕರಣದಲ್ಲಿದೆ. ಇದು ನಮಗೆ ದೂರದ ಕಥೆಯೂ ಅಲ್ಲ. ಬೆಂಡೆಕ್ಟಿನ್‌ನಲ್ಲಿದ್ದ ಅದೇ ಜೋಡಿ ಔಷಧ ಇಂದು ಕರ್ನಾಟಕದ ಯಾವ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಡಾಕ್ಸಿನೇಟ್ ಎಂದರೆ ಬಸುರಿಯರಿಗೆ ಗೊತ್ತು. ಬೆಳಗ್ಗೆ ಎದ್ದ ಕೂಡಲೇ ಹೊಟ್ಟೆ ತೊಳಸಿ, ಒಗ್ಗರಣೆಯ ವಾಸನೆಗೇ ಓಡಿಹೋಗಿ ವಾಂತಿ ಮಾಡುವ ಹೆಂಗಸರಿಗೆ ಡಾಕ್ಟರು ಮೊದಲು ಬರೆದುಕೊಡುವ ಮಾತ್ರೆಗಳಲ್ಲಿ ಅದೂ ಒಂದು.

ಮಾತ್ರೆಯ ಒಳಗೆ ಏನಿತ್ತು ಎಂದು ಮೊದಲು ನೋಡೋಣ. 1956ರಲ್ಲಿ ಸಿನ್ಸಿನಾಟಿಯ ಮೆರೆಲ್ ಕಂಪನಿ ಬೆಂಡೆಕ್ಟಿನ್ ಅನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿ ಮೂರು ಔಷಧಗಳಿದ್ದವು: ಡಾಕ್ಸಿಲಮೈನ್ ಎಂಬ ಆಂಟಿಹಿಸ್ಟಮೈನ್, ಪೈರಿಡಾಕ್ಸಿನ್ ಎಂಬ ಬಿ6 ಜೀವಸತ್ವ, ಹೊಟ್ಟೆ ಹಿಂಡುವುದನ್ನು ತಡೆಯುವ ಡೈಸೈಕ್ಲೊಮಿನ್. ಮೂರನೆಯದರಿಂದ ವಾಕರಿಕೆಗೆ ಏನೂ ಉಪಯೋಗವಿಲ್ಲವೆಂದು ಗೊತ್ತಾಗಿ 1976ರಲ್ಲಿ ಅಮೆರಿಕದಲ್ಲಿ ಅದನ್ನು ತೆಗೆದರು. ಉಳಿದದ್ದು 10 ಮಿಲಿಗ್ರಾಂ ಡಾಕ್ಸಿಲಮೈನ್, 10 ಮಿಲಿಗ್ರಾಂ ಪೈರಿಡಾಕ್ಸಿನ್. ಇಂಗ್ಲೆಂಡಿನಲ್ಲಿ ಅದರ ಹೆಸರು ಡೆಬೆಂಡಾಕ್ಸ್, ಜರ್ಮನಿಯಲ್ಲಿ ಲೆನೊಟಾನ್. ಬಳಕೆ ತುತ್ತತುದಿಯಲ್ಲಿದ್ದಾಗ ಅಮೆರಿಕದ ಬಸುರಿಯರಲ್ಲಿ ನಾಲ್ವರಿಗೊಬ್ಬರಂತೆ ಅದನ್ನು ನುಂಗುತ್ತಿದ್ದರು. ಒಟ್ಟು ಮೂರು ಕೋಟಿಗೂ ಹೆಚ್ಚು ಗರ್ಭಿಣಿಯರು ಬಳಸಿದ್ದಾರೆ ಎಂಬ ಲೆಕ್ಕವಿದೆ.

ಆಂಟಿಹಿಸ್ಟಮೈನ್ ಎಂದರೆ ನಮ್ಮವರಿಗೆ ನೆನಪಾಗುವುದು ನೆಗಡಿ, ತುರಿಕೆ, ಪಿತ್ತದ ಗಂಧೆಗೆ ನುಂಗುವ ಅವಿಲ್, ಸೆಟಿರಿಜಿನ್. ಹಳೆಯ ಪೀಳಿಗೆಯ ಆಂಟಿಹಿಸ್ಟಮೈನ್‌ಗಳು ಮೆದುಳಿಗೂ ಹೋಗುತ್ತವೆ. ಆದ್ದರಿಂದಲೇ ಅವುಗಳಿಂದ ನಿದ್ದೆ ಬರುತ್ತದೆ, ವಾಂತಿಯ ಕೇಂದ್ರವೂ ತಣಿಯುತ್ತದೆ. ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. "ಈ ಅಲರ್ಜಿ ಮಾತ್ರೆ ಹೃದಯಕ್ಕೆ ಕೆಟ್ಟದ್ದಂತೆ" ಎಂದು ಕೆಲವರು ಹೇಳುತ್ತಾರಲ್ಲ, ಆ ಮಾತಿನ ಮೂಲ ಬೇರೆ. ಟರ್ಫೆನಡಿನ್, ಅಸ್ಟೆಮಿಜೋಲ್ ಎಂಬ ಎರಡು ಆಂಟಿಹಿಸ್ಟಮೈನ್‌ಗಳು ಕೆಲವು ಬೇರೆ ಔಷಧಗಳ ಜತೆ ಸೇರಿದಾಗ ನುಂಗಿದವರ ಹೃದಯದ ಲಯವನ್ನೇ ಕೆಡಿಸುತ್ತಿದ್ದವು. 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಅವು ಮಾರುಕಟ್ಟೆಯಿಂದ ಹೋದವು. ಅದು ದೊಡ್ಡವರ ಹೃದಯ ಬಡಿತದ ವಿಷಯ. ಹೊಟ್ಟೆಯೊಳಗಿನ ಮಗುವಿನ ಹೃದಯ ಕಟ್ಟುವಾಗ ಆಗುವ ದೋಷಕ್ಕೂ ಅದಕ್ಕೂ ನಂಟಿಲ್ಲ.

ಬೆಂಡೆಕ್ಟಿನ್ ಮೇಲೆ ಸಂಶಯ ಹುಟ್ಟಿದ್ದು ಸುಮ್ಮನೆ ಅಲ್ಲ. ಥಾಲಿಡೊಮೈಡ್ ದುರಂತ ಎಲ್ಲರ ಕಣ್ಣ ಮುಂದಿತ್ತು. ಬಸುರಿಯರ ವಾಕರಿಕೆಗೂ ನಿದ್ದೆಗೂ ಕೊಟ್ಟ ಆ ಔಷಧದಿಂದ ಸಾವಿರಾರು ಮಕ್ಕಳು ಕೈಕಾಲು ಮೊಟಕಾಗಿ ಹುಟ್ಟಿದ್ದರು. ಅಮೆರಿಕದಲ್ಲಿ ಅದನ್ನು ಮಾರಲು ಅನುಮತಿ ಕೇಳಿದ್ದು ಇದೇ ಮೆರೆಲ್ ಕಂಪನಿ. ಔಷಧ ನಿಯಂತ್ರಣ ಇಲಾಖೆಯ ಫ್ರಾನ್ಸಿಸ್ ಕೆಲ್ಸಿ ಎಂಬ ವೈದ್ಯೆ ಪಟ್ಟು ಹಿಡಿದು ಅನುಮತಿ ಕೊಡದೆ ತಡೆದರು. ಅದೇ ಹೊತ್ತಿನಲ್ಲಿ ಮೆರೆಲ್‌ನ ಕೊಲೆಸ್ಟರಾಲ್ ಔಷಧ ಎಂಇಆರ್-29 ನುಂಗಿದವರಿಗೆ ಕಣ್ಣಿನ ಪೊರೆ ಬಂತು. ಪ್ರಾಣಿಗಳ ಮೇಲಿನ ಪರೀಕ್ಷೆಯ ಮಾಹಿತಿಯನ್ನು ಕಂಪನಿ ತಿದ್ದಿದ್ದು ಹೊರಬಿದ್ದು, 1962ರಲ್ಲಿ ಅದನ್ನು ವಾಪಸು ಪಡೆಯಬೇಕಾಯಿತು. ಇಂಥ ಕಂಪನಿಯ ಮಾತನ್ನು ಒಬ್ಬ ತಾಯಿ ಏಕೆ ನಂಬಬೇಕು? ಮಾತ್ರೆಯ ವಿರುದ್ಧ ಎದ್ದ ತಾಯಂದಿರನ್ನು ಅವಿವೇಕಿಗಳು ಎಂದು ಬರೆದವರನ್ನು ನಾನು ಓದಿದ್ದೇನೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಅವರ ಸಂಶಯಕ್ಕೆ ಗಟ್ಟಿಯಾದ ಕಾರಣವಿತ್ತು. ಸಂಶಯಕ್ಕೆ ಕಾರಣ ಇರುವುದೂ ಸಂಶಯ ನಿಜವಾಗುವುದೂ ಬೇರೆ ಬೇರೆ ಸಂಗತಿ, ಅಷ್ಟೆ.

ಈಗ 1.8ಕ್ಕೆ ವಾಪಸು ಬರೋಣ. ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು 8 ಮಕ್ಕಳಿಗೆ ಏನಾದರೊಂದು ಹೃದಯ ದೋಷ ಇರುತ್ತದೆ, ತಾಯಿ ಒಂದೂ ಮಾತ್ರೆ ನುಂಗದಿದ್ದರೂ. 1.8 ಎಂಬುದು ನಿಜವಾದ ಅಪಾಯವೇ ಆಗಿದ್ದರೆ ಆ 8 ಸುಮಾರು 14 ಆಗಬೇಕು. ಒಬ್ಬ ಡಾಕ್ಟರ ಅನುಭವದಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ದೇಶದ ಲೆಕ್ಕದಲ್ಲಿ ಮಾತ್ರ ಸಾವಿರಾರು ಮಕ್ಕಳಾಗುತ್ತಾರೆ. ಹಾಗಾಗಿ ಆ ಸಂಖ್ಯೆಯನ್ನು ಕಡೆಗಣಿಸುವಂತಿರಲಿಲ್ಲ.

ಇನ್ನೊಂದು ಲೆಕ್ಕವನ್ನೂ ಪಕ್ಕದಲ್ಲಿ ಇಡಬೇಕು. ಒಂದು ಲಕ್ಷ ಬಸುರಿಯರಿಗೆ ಔಷಧದ ಬದಲು ಬರೀ ಹಿಟ್ಟಿನ ಗುಳಿಗೆ ಕೊಟ್ಟಿದ್ದೇವೆ ಎಂದುಕೊಳ್ಳಿ. ಅವರಿಗೆ ಹುಟ್ಟುವ ಮಕ್ಕಳಲ್ಲಿ ಸುಮಾರು 800 ಮಕ್ಕಳಿಗೆ ಹೃದಯ ದೋಷ ಇದ್ದೇ ಇರುತ್ತದೆ. ಆ 800 ತಾಯಂದಿರೂ "ನಾನು ಆ ಗುಳಿಗೆ ನುಂಗಿದ್ದೆ, ನನ್ನ ಮಗುವಿಗೆ ಹೀಗಾಯಿತು" ಎಂದು ಹೇಳುವುದು ಅಕ್ಷರಶಃ ಸತ್ಯ. ಒಂದು ದೇಶದ ಕಾಲುಭಾಗ ಬಸುರಿಯರು ಒಂದೇ ಮಾತ್ರೆ ನುಂಗುತ್ತಿದ್ದರೆ, ಆ ದೇಶದಲ್ಲಿ ಹುಟ್ಟುವ ಎಲ್ಲ ಬಗೆಯ ದೋಷದ ಮಕ್ಕಳ ಕಾಲುಭಾಗದ ತಾಯಂದಿರೂ ಅದೇ ಮಾತ್ರೆ ನುಂಗಿರುತ್ತಾರೆ. ಮುಂದೆ ಕೋರ್ಟುಗಳಲ್ಲಿ ಸಾಲುಗಟ್ಟಿ ನಿಂತ ದುಃಖದ ಮೂಲ ಇದೇ.

ಕಾಲವೂ ಕೂಡಿಬರುತ್ತದೆ. ಕೊನೆಯ ಮುಟ್ಟಿನಿಂದ ಎಣಿಸಿದರೆ ಐದನೇ ವಾರ ದಾಟುವ ಹೊತ್ತಿಗೆ ಹಸುಳೆಯ ಹೃದಯ ಒಂದು ಸಣ್ಣ ಕೊಳವೆಯಾಗಿ ಮಿಡಿಯತೊಡಗುತ್ತದೆ. ಆ ಕೊಳವೆ ಬಾಗುತ್ತದೆ, ಮಡಿಚಿಕೊಳ್ಳುತ್ತದೆ. ಒಳಗೆ ನಡುಗೋಡೆಗಳು ಎದ್ದು ಒಂದು ಕೋಣೆ ನಾಲ್ಕಾಗುತ್ತದೆ. ಹತ್ತನೇ ವಾರದ ಸುಮಾರಿಗೆ ಮುಖ್ಯ ಕಟ್ಟಡ ಮುಗಿದಿರುತ್ತದೆ. ವಾಕರಿಕೆ ಶುರುವಾಗುವುದು ಐದು ಆರನೇ ವಾರದಲ್ಲಿ, ತೀವ್ರವಾಗುವುದು ಒಂಬತ್ತನೇ ವಾರದ ಸುಮಾರಿಗೆ. ಅಂದರೆ ಹೃದಯ ಕಟ್ಟುವ ಕೆಲಸ ನಡೆಯುವಾಗಲೇ ತಾಯಿ ಮಾತ್ರೆ ನುಂಗುತ್ತಾಳೆ. ಕೇಡು ಮಾಡುವ ಗುಣ ಮಾತ್ರೆಗಿದ್ದರೆ ಮಾಡಲು ಇದಕ್ಕಿಂತ ಸೂಕ್ಷ್ಮವಾದ ಹೊತ್ತು ಬೇರೆ ಇಲ್ಲ. ಸಂಶೋಧಕರು ಹೃದಯ ದೋಷದ ಮೇಲೆಯೇ ಮತ್ತೆ ಮತ್ತೆ ಕಣ್ಣಿಟ್ಟಿದ್ದು ಇದಕ್ಕೇ.

1980ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯ ಸಲಹಾ ಸಮಿತಿ ಸೇರಿತು. ಮಾತ್ರೆಗೂ ಜನ್ಮದೋಷಕ್ಕೂ ಸಂಬಂಧ ಸಾಬೀತಾಗಿಲ್ಲ, ಆದರೂ ಅಧ್ಯಯನ ಮುಂದುವರಿಯಲಿ ಎಂದಿತು. ಅದಕ್ಕೂ ಮೊದಲೇ ಪತ್ರಿಕೆಗಳು "ಇನ್ನೊಂದು ಥಾಲಿಡೊಮೈಡ್" ಎಂಬ ಧಾಟಿಯಲ್ಲಿ ಬರೆಯತೊಡಗಿದ್ದವು.

ರಾಥ್‌ಮನ್ ಅವರ ಮುಂದೆ ಎರಡು ದಾರಿ ಇದ್ದವು. 1.8 ಸಿಕ್ಕಿದೆ, ಹೆಸರೂ ಬಂದಿದೆ, ಅದನ್ನೇ ಸಮರ್ಥಿಸುತ್ತ ಇರಬಹುದಿತ್ತು. ಅವರು ಆರಿಸಿಕೊಂಡದ್ದು ತಮ್ಮದೇ ಫಲಿತಾಂಶವನ್ನು ಮರುಪರೀಕ್ಷಿಸುವ ದಾರಿಯನ್ನು. ಸ್ಯಾಲಿ ಝೀರ್ಲರ್ ಅವರ ಜತೆಗೂಡಿ ಹೊಸದಾಗಿ ಹೃದಯ ದೋಷದ ಮಕ್ಕಳನ್ನು, ಹೋಲಿಕೆಗೆ ಆರೋಗ್ಯವಂತ ಮಕ್ಕಳನ್ನು ಆರಿಸಿದರು. ಈ ಸಲ ತಾಯಂದಿರನ್ನು ಫೋನಿನಲ್ಲಿ ಕೇಳಿದ್ದರ ಜತೆಗೆ ಹೆರಿಗೆಗೆ ಮುಂಚಿನ ವೈದ್ಯಕೀಯ ದಾಖಲೆಗಳನ್ನೂ ತೆಗೆಸಿ ನೋಡಿದರು. 1985ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅದು ಪ್ರಕಟವಾಯಿತು. ಬೆಂಡೆಕ್ಟಿನ್‌ಗೂ ಹೃದಯ ದೋಷಕ್ಕೂ ಹೇಳಿಕೊಳ್ಳುವಂಥ ನಂಟು ಅಲ್ಲಿ ಕಾಣಲಿಲ್ಲ. ತಾವೇ ಎತ್ತಿದ ಸಂಶಯವನ್ನು ತಾವೇ ಇನ್ನೂ ಬಿಗಿಯಾದ ಅಳತೆಗೋಲಿನಿಂದ ಅಳೆದು, ಮೊದಲಿನದು ನಿಲ್ಲುವುದಿಲ್ಲ ಎಂದು ಅಷ್ಟೇ ಬಹಿರಂಗವಾಗಿ ಹೇಳಿದರು. ಈ ಪ್ರಕರಣದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವುದು ಈ ಕೆಲಸವನ್ನು.

ಹಾಗಾದರೆ ಮೊದಲಿನ 1.8 ಬಂದದ್ದು ಎಲ್ಲಿಂದ? ಒಂದು ಕಾರಣ ಸರಳ. ಒಂದೇ ಜರಡಿಯಲ್ಲಿ ಹತ್ತಾರು ಔಷಧಗಳನ್ನು ಜಾಲಿಸಿದಾಗ ಒಂದೆರಡು ಬರೀ ಆಕಸ್ಮಿಕವಾಗಿಯೇ ಮೇಲೆ ಉಳಿಯುತ್ತವೆ. ಇನ್ನೊಂದು ಕಾರಣ ತಾಯಿಯ ನೆನಪು. ಇದನ್ನು ನಾನು ಪಠ್ಯದಲ್ಲಿ ಓದಿ, ಪಾಠ ಮಾಡಿ, ಪ್ರಶ್ನೆಪತ್ರಿಕೆಯಲ್ಲಿ ಕೇಳಿ ಆಗಿತ್ತು. ನಿಜವಾಗಿ ಅರ್ಥವಾದದ್ದು ನನ್ನ ಚಿಕ್ಕಮ್ಮನ ಮಗಳ ಮನೆಯಲ್ಲಿ.

ಅವಳ ಮಗುವಿಗೆ ಆಗ ಮೂರು ತಿಂಗಳು. ಹಾಲು ಕುಡಿಯುವಾಗ ಬೆವರುತ್ತದೆ ಎಂದು ತೋರಿಸಿದಾಗ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು, ಎಕೋ ಮಾಡಿಸಿ ಎಂದರು. ಕೆಳಗಿನ ಎರಡು ಕೋಣೆಗಳ ನಡುಗೋಡೆಯಲ್ಲಿ ತೂತು. ಮನೆಯವರ ಬಾಯಲ್ಲಿ ಅದು "ಹಾರ್ಟಲ್ಲಿ ಹೋಲ್". ನಾನು ಹೋದಾಗ ಅವಳು ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ಔಷಧದ ಚೀಟಿಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡು ಕೂತಿದ್ದಳು. "ಅಕ್ಕಾ, ನೀನು ಔಷಧದ ಪಾಠ ಮಾಡೋಳಲ್ವಾ, ನಿಜ ಹೇಳು. ಆರನೇ ವಾರದಲ್ಲಿ ಹೊಟ್ಟೆ ತೊಳಸೋದಕ್ಕೆ ಈ ಮಾತ್ರೆ ತಗೊಂಡೆ. ಹದಿನೈದು ದಿನ. ಆಮೇಲೆ ಶೀತ ಆಯ್ತು ಅಂತ ಒಂದು ಸೆಟಿರಿಜಿನ್. ತಲೆನೋವಿಗೆ ಎರಡು ಕ್ರೋಸಿನ್, ದೀಪಾವಳಿ ಹಿಂದಿನ ದಿನ. ಇದರಲ್ಲಿ ಯಾವುದು?" ಎಂದಳು. ಅಷ್ಟಕ್ಕೇ ನಿಲ್ಲಲಿಲ್ಲ. ಯಾರದೋ ಮದುವೆ ಮನೆಯಲ್ಲಿ ಪಪ್ಪಾಯಿ ತಿಂದದ್ದು, ಗ್ರಹಣದ ದಿನ ಬಟ್ಟೆ ತೆಗೆಯಲು ಅಂಗಳಕ್ಕೆ ಇಳಿದದ್ದು, ಬಸ್ಸಿನಲ್ಲಿ ಕುಲುಕಾಡಿದ್ದು ಎಲ್ಲವೂ ಪಟ್ಟಿಯಲ್ಲಿತ್ತು. ಒಂದು ವರ್ಷದ ಹಿಂದಿನ ದಿನಗಳನ್ನು ತಾರೀಖು ಸಮೇತ ಹೇಳುತ್ತಿದ್ದಳು. ಅವಳ ಅತ್ತೆ ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದರು.

ಅವಳ ತಂಗಿಗೂ ಅದೇ ವರ್ಷ ಮಗುವಾಗಿತ್ತು, ಗುಂಡುಕಲ್ಲಿನಂಥ ಮಗು. ಅವಳನ್ನು ಕೇಳಿದೆ, "ನೀನು ಬಸುರಿಲಿ ಏನೇನು ಮಾತ್ರೆ ತಗೊಂಡೆ ಕಣೇ?" "ಐರನ್ ಮಾತ್ರೆ... ಮತ್ತೇನೋ ವಾಂತಿದು ಇತ್ತೇನೋ, ನೆನಪಿಲ್ಲಕ್ಕ" ಎಂದಳು.

ಇಬ್ಬರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಒಬ್ಬಳ ನೆನಪನ್ನು ಸಂಕಟ ಅಗೆದು ತೆಗೆದಿತ್ತು, ಇನ್ನೊಬ್ಬಳ ನೆನಪನ್ನು ನೆಮ್ಮದಿ ಮುಚ್ಚಿತ್ತು. ಹೆರಿಗೆಯ ನಂತರ ತಾಯಂದಿರನ್ನು ಕೇಳಿ ಬರೆದುಕೊಳ್ಳುವ ಅಧ್ಯಯನದಲ್ಲಿ ಇಂಥ ನೂರಾರು ಜೋಡಿಗಳು ಸೇರಿದರೆ, ಏನೂ ಮಾಡದ ಮಾತ್ರೆಯೂ ತಪ್ಪಿತಸ್ಥನಂತೆ ಕಾಣುತ್ತದೆ. ಇಂಥ ಅಧ್ಯಯನಗಳಿಗೆ ಈ ದೌರ್ಬಲ್ಯ ಬಿಡದ ನೆರಳು. 1985ರ ಅಧ್ಯಯನ ಹಳೆಯ ದಾಖಲೆಗಳನ್ನು ಹುಡುಕಿಕೊಂಡು ಹೋದದ್ದು ಇದನ್ನು ಮೀರಲು. ಡಾಕ್ಟರು ಚೀಟಿ ಬರೆದ ದಿನ ಮಗು ಹೇಗೆ ಹುಟ್ಟುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಆ ಬರಹದಲ್ಲಿ ಸಂಕಟ ಬೆರೆತಿರುವುದಿಲ್ಲ.

ಇಂಥ ಹೋಲಿಕೆಗಳಲ್ಲಿರುವ ಇನ್ನೊಂದು ತೊಡಕನ್ನು ತೋರಿಸಿಕೊಟ್ಟದ್ದು 1999ರಲ್ಲಿ ಬಂದ ಅಟ್ಲಾಂಟಾ ಅಧ್ಯಯನ. ಬೊನೇವಾ ಮತ್ತು ಸಂಗಡಿಗರು ಮಾತ್ರೆಯನ್ನು ಬಿಟ್ಟು ವಾಕರಿಕೆಯನ್ನೇ ಹಿಡಿದು ಕೇಳಿದರು: ಬಸುರಿನಲ್ಲಿ ತುಂಬ ವಾಕರಿಕೆ ಇದ್ದವರ ಮಕ್ಕಳ ಹೃದಯ ಹೇಗಿರುತ್ತದೆ? ಬೇಗ ಶುರುವಾಗಿ ಮತ್ತೆ ಮತ್ತೆ ಕಾಡಿದ ವಾಕರಿಕೆ ಇದ್ದ ತಾಯಂದಿರ ಮಕ್ಕಳಲ್ಲಿ ಹೃದಯ ದೋಷ ತುಸು ಕಡಿಮೆ ಇತ್ತು, ಅನುಪಾತ 0.81. ಬೇಗ ವಾಕರಿಕೆ ಬಂದು ಔಷಧವನ್ನೂ ತೆಗೆದುಕೊಂಡವರಲ್ಲಿ ಇನ್ನೂ ಕಡಿಮೆ, 0.67. ಆ ಔಷಧ ಬಹುಪಾಲು ಬೆಂಡೆಕ್ಟಿನ್ನೇ. ಮಾತ್ರೆ ಹೃದಯವನ್ನು ಕಾಪಾಡಿತು ಎಂದು ಇದರಿಂದ ಹೇಳಲಾಗದು. ಗಟ್ಟಿಯಾಗಿ ನಿಂತ ಗರ್ಭದಲ್ಲಿ ಹಾರ್ಮೋನ್ ಮಟ್ಟ ಚೆನ್ನಾಗಿರುವುದರಿಂದ ವಾಕರಿಕೆಯೂ ಜೋರಾಗಿರಬಹುದು. ಬಯಕೆ ಸಂಕಟ ಜೋರಾಗಿದ್ದರೆ ಬಸುರು ಗಟ್ಟಿ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು, ಆ ಮಾತಿಗೆ ಇಲ್ಲೊಂದು ಒತ್ತಾಸೆ ಸಿಗುತ್ತದೆ. ಇದರಿಂದ ಸಂಶೋಧಕರಿಗೆ ಒಂದು ಎಚ್ಚರ ಬಂತು. ಮಾತ್ರೆ ನುಂಗಿದವರನ್ನು ನುಂಗದವರ ಜತೆ ಹೋಲಿಸುವಾಗ, ವಾಕರಿಕೆ ಇದ್ದವರನ್ನು ಇಲ್ಲದವರ ಜತೆಗೂ ನಮಗೆ ತಿಳಿಯದೆಯೇ ಹೋಲಿಸುತ್ತಿರುತ್ತೇವೆ. ಎರಡನ್ನೂ ಬಿಡಿಸದೆ ಮಾತ್ರೆಯ ಬಗ್ಗೆ ಏನು ಹೇಳಿದರೂ ಅದು ಅರ್ಧ ಮಾತು.

ಅಟ್ಲಾಂಟಾ ಅಧ್ಯಯನಕ್ಕೂ ಮೊದಲು, 1994ರಲ್ಲಿ, ಮೆಕೀಗ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದ್ದರು. ಬೆಂಡೆಕ್ಟಿನ್ ನುಂಗಿದವರ ಮಕ್ಕಳಲ್ಲಿ ಯಾವುದೇ ಜನ್ಮದೋಷದ ಅಪಾಯದ ಅನುಪಾತ 0.95. ಒಂದು ಎಂದರೆ ವ್ಯತ್ಯಾಸವೇ ಇಲ್ಲ ಎಂದರ್ಥ. ಹೃದಯದ ದೋಷವನ್ನು ಬೇರೆಯಾಗಿ ನೋಡಿದಾಗಲೂ ಹೆಚ್ಚಿನ ಅಪಾಯ ಸಿಗಲಿಲ್ಲ.

ಆದರೆ ಅಷ್ಟು ಹೊತ್ತಿಗೆ ಮಾತ್ರೆ ಅಂಗಡಿಯಲ್ಲಿ ಇರಲಿಲ್ಲ. 1983ರ ಜೂನ್ 9ರಂದು ಮೆರೆಲ್ ಡೌ (ಮೆರೆಲ್ ಕಂಪನಿಯ ಆಗಿನ ಹೆಸರು) ತಾನಾಗಿಯೇ ತಯಾರಿಕೆ ನಿಲ್ಲಿಸಿತ್ತು. ಔಷಧ ಇಲಾಖೆ ನಿಷೇಧಿಸಿರಲಿಲ್ಲ. ಮೊಕದ್ದಮೆಗಳ ಖರ್ಚು, ವಿಮೆಯ ಕಂತು ಏರುತ್ತಾ ಹೋಗಿ ಮಾರುವುದೇ ನಷ್ಟವಾಗಿತ್ತು. 1984ರಲ್ಲಿ ಕಂಪನಿ 12 ಕೋಟಿ ಡಾಲರ್ ಕೊಟ್ಟು ಎಲ್ಲ ದಾವೆಗಳನ್ನು ಮುಗಿಸಲು ಮುಂದಾಯಿತು, ಆ ಒಪ್ಪಂದ ಮೇಲಿನ ಕೋರ್ಟಿನಲ್ಲಿ ನಿಲ್ಲಲಿಲ್ಲ. ಮರುವರ್ಷ ಸಿನ್ಸಿನಾಟಿಯಲ್ಲಿ ಸಾವಿರಕ್ಕೂ ಹೆಚ್ಚು ದಾವೆಗಳನ್ನು ಒಟ್ಟಿಗೆ ವಿಚಾರಿಸಿದಾಗ ಜ್ಯೂರಿ ಕಂಪನಿಯ ಪರವಾಗಿ ತೀರ್ಮಾನ ಕೊಟ್ಟಿತು. ಕೈಯ ದೋಷದೊಂದಿಗೆ ಹುಟ್ಟಿದ ಇಬ್ಬರು ಹುಡುಗರ ಪರವಾಗಿ ಹೂಡಿದ ಡಾಬರ್ಟ್ ಪ್ರಕರಣ 1993ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ವಿಜ್ಞಾನದ ಹೆಸರಿನಲ್ಲಿ ಮುಂದೆ ಬರುವ ಸಾಕ್ಷ್ಯ ಪರೀಕ್ಷೆಗೆ ಒಳಪಟ್ಟಿದೆಯೇ, ಬೇರೆ ತಜ್ಞರು ಅದನ್ನು ಪರಿಶೀಲಿಸಿದ್ದಾರೆಯೇ, ಅದರಲ್ಲಿ ತಪ್ಪಿನ ಪ್ರಮಾಣ ಎಷ್ಟು ಎಂದು ನ್ಯಾಯಾಧೀಶರೇ ನೋಡಿ ಒಳಗೆ ಬಿಡಬೇಕು ಎಂದು ಅಲ್ಲಿ ತೀರ್ಮಾನವಾಯಿತು. ಅಮೆರಿಕದ ಕಾನೂನು ವಿದ್ಯಾರ್ಥಿಗಳು ಇಂದಿಗೂ ಅದನ್ನು ಓದುತ್ತಾರೆ, ಅದರ ಹಿಂದೆ ಇದ್ದದ್ದು ವಾಕರಿಕೆಯ ಮಾತ್ರೆ.

ಕೋರ್ಟುಗಳ ಈ ಕಥೆಯಲ್ಲಿ ಒಬ್ಬರ ವಿಷಯ ಹೇಳದೆ ಮುಂದೆ ಹೋಗಲಾರೆ. ಆಸ್ಟ್ರೇಲಿಯಾದ ಪ್ರಸೂತಿ ತಜ್ಞ ವಿಲಿಯಂ ಮ್ಯಾಕ್‌ಬ್ರೈಡ್ 1961ರಲ್ಲಿ ಥಾಲಿಡೊಮೈಡ್ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಗೆ ಪುಟ್ಟ ಪತ್ರ ಬರೆದು ಲೋಕವನ್ನು ಎಚ್ಚರಿಸಿದವರು. ಅದೇ ಮ್ಯಾಕ್‌ಬ್ರೈಡ್ ಬೆಂಡೆಕ್ಟಿನ್ ವಿರುದ್ಧವೂ ಸಾಕ್ಷಿ ಹೇಳಿದರು. 1982ರಲ್ಲಿ ಮೊಲಗಳ ಮೇಲೆ ಇನ್ನೊಂದು ಔಷಧದ ಪ್ರಯೋಗ ಮಾಡಿದ ಲೇಖನ ಪ್ರಕಟಿಸಿದರು. ಅದರಲ್ಲಿನ ಅಂಕಿ ಅಂಶಗಳನ್ನು ತಿದ್ದಲಾಗಿದೆ ಎಂದು ಅವರ ಜತೆ ಕೆಲಸ ಮಾಡುತ್ತಿದ್ದ ಕಿರಿಯ ಸಂಶೋಧಕರೇ ದೂರಿದರು. 1988ರ ವಿಚಾರಣೆಯಲ್ಲಿ ಅದು ನಿಜವೆಂದು ಕಂಡುಬಂತು, 1993ರಲ್ಲಿ ವೈದ್ಯರ ಪಟ್ಟಿಯಿಂದ ಅವರ ಹೆಸರನ್ನು ತೆಗೆದುಹಾಕಲಾಯಿತು. ಒಮ್ಮೆ ಸಾವಿರಾರು ಮಕ್ಕಳನ್ನು ಉಳಿಸಿದ ಮನುಷ್ಯ ಎರಡನೆಯ ಸಲವೂ ತನ್ನ ಊಹೆ ಸರಿಯೇ ಇರಬೇಕೆಂದು ಹಟ ಹಿಡಿದ. ರಾಥ್‌ಮನ್ ತಮ್ಮ 1.8 ಅನ್ನು ಮರುಪರೀಕ್ಷಿಸುತ್ತಿದ್ದದ್ದೂ ಸರಿಸುಮಾರು ಇದೇ ವರ್ಷಗಳಲ್ಲಿ.

ಮಾತ್ರೆ ಹೋದ ಮೇಲೆ ಏನಾಯಿತು? ಬಯಸದೇ ಸಿಕ್ಕಿದ ದೊಡ್ಡ ಪ್ರಯೋಗ ಅದು. ಕಾಲುಭಾಗ ಬಸುರಿಯರು ನುಂಗುತ್ತಿದ್ದ ಔಷಧ ಒಮ್ಮೆಲೇ ಶೂನ್ಯಕ್ಕೆ ಇಳಿಯಿತು. ಅದು ದೋಷ ತರುತ್ತಿದ್ದರೆ 1984ರ ನಂತರ ದೋಷವಿರುವ ಮಕ್ಕಳ ಸಂಖ್ಯೆ ಎದ್ದು ಕಾಣುವಂತೆ ಇಳಿಯಬೇಕಿತ್ತು. ಇಳಿಯಲಿಲ್ಲ. ಬದಲಾದದ್ದು ವಾಂತಿಯಿಂದ ನಿತ್ರಾಣವಾಗಿ ಆಸ್ಪತ್ರೆ ಸೇರಿದ ಬಸುರಿಯರ ಸಂಖ್ಯೆ, ಅದು ಸುಮಾರು ಇಮ್ಮಡಿಯಾಯಿತು. ಹನಿ ನೀರೂ ನಿಲ್ಲದೆ, ಡ್ರಿಪ್ ಹಾಕಿಸಿಕೊಂಡು, ತೂಕ ಇಳಿದು, ಮೊದಲ ಮಗುವನ್ನು ಯಾರದೋ ಕೈಗೆ ಕೊಟ್ಟು ಮಲಗಿದ ಆ ಹೆಂಗಸರ ಬಗ್ಗೆ ಯಾವ ಕೋರ್ಟಿನಲ್ಲೂ ದಾವೆ ನಡೆಯಲಿಲ್ಲ.

ಕೆನಡಾದಲ್ಲಿ ಇದೇ ಜೋಡಿ ಔಷಧ ಡೈಕ್ಲೆಕ್ಟಿನ್ ಎಂಬ ಹೆಸರಿನಲ್ಲಿ ಉಳಿಯಿತು. ಅಮೆರಿಕಕ್ಕೆ ಅದು ಡೈಕ್ಲೆಜಿಸ್ ಎಂಬ ಹೆಸರಿನಲ್ಲಿ ವಾಪಸು ಬಂದದ್ದು 2013ರ ಏಪ್ರಿಲ್‌ನಲ್ಲಿ. ಹೊರಗೆ ಹೋಗಿ ಮೂವತ್ತು ವರ್ಷ ಆಗಿತ್ತು.

ಇಲ್ಲಿಗೇ ನಿಲ್ಲಿಸಿದರೆ ಪೂರ್ತಿ ಹೇಳಿದಂತಾಗುವುದಿಲ್ಲ. ಮಾತ್ರೆ ಸುರಕ್ಷಿತವೇ ಎಂಬುದು ಒಂದು ಪ್ರಶ್ನೆ, ಕೆಲಸ ಮಾಡುತ್ತದೆಯೇ ಎಂಬುದು ಇನ್ನೊಂದು. 2018ರಲ್ಲಿ ಟೊರಾಂಟೊದ ವೈದ್ಯ ನವೀಂದ್ರ ಪರ್ಸಾದ್ ಮತ್ತು ಜತೆಗಾರರು, ಮಾತ್ರೆಯ ಅನುಮೋದನೆಗೆ ಆಧಾರವಾಗಿದ್ದ ಪ್ರಯೋಗದ ಕಡತಗಳನ್ನು ತರಿಸಿಕೊಂಡು ಮತ್ತೆ ಲೆಕ್ಕ ಹಾಕಿದರು. ಹುಸಿ ಮಾತ್ರೆಗೂ ಇದಕ್ಕೂ ವ್ಯತ್ಯಾಸ ತೀರ ಸಣ್ಣದು, ಪ್ರಯೋಗ ಮಾಡಿದವರೇ ಮೊದಲು ನಿಗದಿ ಮಾಡಿಕೊಂಡಿದ್ದ ಮಟ್ಟವನ್ನು ಮುಟ್ಟುವುದಿಲ್ಲ ಎಂದು ತೋರಿಸಿದರು. ತರಗತಿಯಲ್ಲಿ ನಾನು ಇದನ್ನೂ ಹೇಳುತ್ತೇನೆ. ಕೇಡಿಲ್ಲ ಎಂಬುದಕ್ಕೆ ಈ ಔಷಧದ ಬಳಿ ಇರುವಷ್ಟು ಸಾಕ್ಷ್ಯ ಬಸುರಿಗೆ ಕೊಡುವ ಔಷಧಗಳಲ್ಲಿ ಕೆಲವಕ್ಕಷ್ಟೇ ಇದೆ. ಬಹಳ ಗುಣ ಕೊಡುತ್ತದೆ ಎಂಬುದಕ್ಕೆ ಅಷ್ಟು ಇಲ್ಲ.

ಹೃದಯ ದೋಷದ ಪ್ರಶ್ನೆಯೂ ಪೂರ್ತಿ ಮಲಗಲಿಲ್ಲ. 2014ರಲ್ಲಿ ನೆದರ್‌ಲೆಂಡ್ಸ್‌ನಿಂದ ಇನ್ನೊಂದು ವರದಿ ಬಂತು. ರಾಟರ್‌ಡ್ಯಾಮ್‌ನ ಹೇವನ್ ಅಧ್ಯಯನದಲ್ಲಿ, ಬಸುರಿನ ಆರಂಭದಲ್ಲಿ ಆಂಟಿಹಿಸ್ಟಮೈನ್ ನುಂಗಿದ ತಾಯಂದಿರ ಮಕ್ಕಳಲ್ಲಿ ಹೃದಯ ದೋಷದ ಅನುಪಾತ 3.0 ಎಂದು ಕಂಡಿತು. ನಡುಗೋಡೆಯ ಕೆಲವು ದೋಷಗಳಲ್ಲಿ 5.1. ಕೇಳಿದರೆ ಎದೆ ಝಲ್ ಎನ್ನುವ ಅಂಕಿ. ಆದರೆ ಅದೇ ಲೇಖನದಲ್ಲಿ, ಅದೇ ತಂಡ, ಅದೇ ಪ್ರಶ್ನೆಯನ್ನು ದೇಶದ ಉತ್ತರ ಭಾಗದಲ್ಲಿ ಜನ್ಮದೋಷಗಳನ್ನು ಬರೆದಿಡುವ ಯುರೋಕ್ಯಾಟ್ ದಾಖಲೆಗಳಲ್ಲೂ ಕೇಳಿತ್ತು. ಅಲ್ಲಿ ನಂಟು ಕಾಣಲಿಲ್ಲ. ಹೇವನ್‌ನಲ್ಲಿ ಮಾತ್ರೆ ನುಂಗಿದವರು ಎರಡೂ ಗುಂಪಿನಲ್ಲಿ ತೀರ ಕಡಿಮೆ. ಹಾಗಾಗಿ 5.1 ಎಂಬ ಅಂಕಿಯ ಅಕ್ಕಪಕ್ಕದ ಅನಿಶ್ಚಯದ ಹರವು ಒಂದಕ್ಕೆ ಸಮೀಪದಿಂದ ಇಪ್ಪತ್ತರವರೆಗೂ ಚಾಚಿತ್ತು. ಕೇಳಿದ್ದೂ ಮಗು ಹುಟ್ಟಿದ ಮೇಲೆ. ಸುದ್ದಿ ಮಾಡುವವರಿಗೆ ಇಂಥ ಲೇಖನದ ಮೊದಲರ್ಧ ಸಾಕಾಗುತ್ತದೆ. ಓದುವ ತಾಯಿಗೆ ಎರಡನೆಯ ಅರ್ಧವೂ ಬೇಕು.

ಇದಕ್ಕೆ ಎದುರಾಗಿ ಸ್ವೀಡನ್ನಿನ ಪದ್ಧತಿಯನ್ನು ನೋಡಿ. ಅಲ್ಲಿ 1995ರಿಂದ ಬಸುರಿ ಮೊದಲ ಸಲ ತಪಾಸಣೆಗೆ ಬಂದಾಗಲೇ, ಹೆಚ್ಚಾಗಿ ಹತ್ತು ಹನ್ನೆರಡನೇ ವಾರದಲ್ಲಿ, ದಾದಿ ಕೂತು ಕೇಳಿ ನುಂಗಿದ ಔಷಧಗಳನ್ನು ಬರೆದುಕೊಳ್ಳುತ್ತಾಳೆ. ಅದು ರಾಷ್ಟ್ರೀಯ ಜನನ ದಾಖಲೆಗೆ ಸೇರುತ್ತದೆ. ಅಲ್ಲಿ ವಾಕರಿಕೆಗೆ ಬಹಳ ಬಳಕೆಯಲ್ಲಿದ್ದ ಮೆಕ್ಲೊಜಿನ್ ಎಂಬ ಆಂಟಿಹಿಸ್ಟಮೈನ್ ನುಂಗಿದ ಸಾವಿರಾರು ಹೆಂಗಸರ ದಾಖಲೆ ತೆಗೆದು ನೋಡಿದಾಗ ಮಕ್ಕಳಲ್ಲಿ ದೋಷ ಹೆಚ್ಚಿರಲಿಲ್ಲ. ಹುಟ್ಟುವ ಮೊದಲೇ ಬರೆದಿಟ್ಟ ಆ ಸಾಲುಗಳ ತೂಕ, ಹುಟ್ಟಿದ ಮೇಲೆ ನೆನೆದು ಹೇಳಿದ್ದಕ್ಕಿಂತ ನನ್ನ ಪಾಲಿಗೆ ಬಹಳ ಹೆಚ್ಚು.

ಚಿಕ್ಕಮ್ಮನ ಮಗಳಿಗೆ ಅವತ್ತು ಇಷ್ಟೆಲ್ಲ ಹೇಳಲಿಲ್ಲ. ಹಾಸಿಗೆಯ ಮೇಲಿದ್ದ ಚೀಟಿಗಳನ್ನು ಒಂದೊಂದಾಗಿ ನೋಡಿ, "ಇದು ನೀನು ನುಂಗಿದ ಮಾತ್ರೆಯಿಂದ ಆದದ್ದು ಅಂತ ಹೇಳೋಕೆ ಆಧಾರ ಇಲ್ಲ. ಮೂರು ಕೋಟಿ ಹೆಂಗಸರು ನುಂಗಿದ ಮೇಲೆ, ನಲವತ್ತು ವರ್ಷ ಹುಡುಕಿದ ಮೇಲೆ ಹೇಳ್ತಿರೋ ಮಾತು ಇದು" ಎಂದೆ. ಬಾಗಿಲ ಬಳಿ ನಿಂತಿದ್ದ ಅವಳ ಅತ್ತೆಗೂ ಕೇಳಿಸಲಿ ಎಂದು ತುಸು ಗಟ್ಟಿಯಾಗಿಯೇ ಹೇಳಿದೆ. "ಹಾಗಾದ್ರೆ ಯಾಕಾಯ್ತು?" ಎಂದಳು. ಎಷ್ಟೋ ಮಕ್ಕಳಲ್ಲಿ ಕಾರಣ ಇಂಥದ್ದೇ ಎಂದು ತೋರಿಸಲು ಆಗುವುದಿಲ್ಲ ಎಂದು ಹೇಳಿದೆ. ಆ ಉತ್ತರ ಅವಳಿಗೆ ಸಾಲಲಿಲ್ಲ, ನನಗೂ ಸಾಲಲಿಲ್ಲ. ಮಗುವಿನ ತೂತು ಸಣ್ಣದಾಗಿತ್ತು, ಎರಡು ವರ್ಷ ತುಂಬುವ ಮೊದಲೇ ತಾನಾಗಿ ಮುಚ್ಚಿಕೊಂಡಿತು.

ಎರಡನೆಯ ಸಲ ಬಸುರಿಯಾದಾಗಲೂ ವಾಕರಿಕೆ ಅಷ್ಟೇ ಕಾಡಿತು. ಈ ಸಲ ಮಾತ್ರೆ ಶುರು ಮಾಡುವ ಮುಂಚೆ ಡಾಕ್ಟರ ಹತ್ತಿರ ಅರ್ಧ ಗಂಟೆ ಕೂತು ಮಾತಾಡಿದಳಂತೆ. ಆಮೇಲೆ ನನಗೆ ತಾಯಿ ಕಾರ್ಡಿನ ಒಂದು ಫೋಟೊ ಕಳಿಸಿದಳು. ಕೊನೆಯ ಪುಟದ ಖಾಲಿ ಜಾಗದಲ್ಲಿ ನೀಲಿ ಪೆನ್ನಿನಲ್ಲಿ ತಾರೀಖು ಹಾಕಿ ಬರೆದಿದ್ದಳು: ಡಾಕ್ಸಿನೇಟ್, ರಾತ್ರಿ ಒಂದು, ಏಳನೇ ವಾರದಿಂದ.